ಕೆಡೆಟ್ ಪಡೆಯ ಅಧ್ಯಾಯ

ಶತಮಾನೋತ್ಸವದ ಪುಸ್ತಕದಲ್ಲಿ ಒಂದು ಅಧ್ಯಾಯ ಮಾತ್ರ ಬಾಕಿ ಉಳಿದಿತ್ತು. ಮಿಕ್ಕಿದ್ದನ್ನೆಲ್ಲ ಚರಿತ್ರೆ ಟೀಚರ್ ಹಿಂದಿನ ವರ್ಷವೇ ಬರೆದು ಮುಗಿಸಿದ್ದಳು: ಹೈಸ್ಕೂಲಿನ ಕಟ್ಟಡ ಮೊದಲು ಕುದುರೆ ಲಾಯವಾಗಿದ್ದದ್ದು, ಲಾಯದ ಒಡೆಯ ಸತ್ತ ಮೇಲೆ ಅವನ ಹೆಂಡತಿ ಅದನ್ನು ಊರಿನ ಮಕ್ಕಳಿಗೆ ಬಿಟ್ಟುಕೊಟ್ಟದ್ದು, ಮಳೆ ಹಿಡಿದಾಗ ಎಂಟನೇ ಕ್ಲಾಸಿನ ಗೋಡೆಯಿಂದ ಇವತ್ತಿಗೂ ಕುದುರೆ ವಾಸನೆ ಬರುತ್ತದೆಂದು ಮಕ್ಕಳು ಮೂಗು ಮುಚ್ಚಿಕೊಳ್ಳುವುದು, ಯುದ್ಧಕಾಲದಲ್ಲಿ ಬೆಂಚುಗಳನ್ನು ಅಂಗಳಕ್ಕೆ ಎಸೆದು ಒಳಗೆ ಗಾಯಾಳುಗಳ ಮಂಚ ಹಾಕಿದ್ದು. ಉಳಿದದ್ದು ಕೆಡೆಟ್ ಪಡೆಯ ಅಧ್ಯಾಯ. ಅದನ್ನು ಅವಳು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಳು. ಸೇನೆಯಲ್ಲಿದ್ದ ಮಗಳು ರಜೆಗೆ ಬಂದಾಗ ಎದುರು ಕೂರಿಸಿಕೊಂಡು, ಕೇಳಿ ಕೇಳಿ ಬರೆಯುವ ಆಸೆಯಿತ್ತು. ಮಗಳು ರಜೆಗೆ ಬರಲಿಲ್ಲ. ಗಡಿಯ ಬೆಟ್ಟದ ರಸ್ತೆಯಲ್ಲಿ ಸೇನೆಯ ಲಾರಿ ಉರುಳಿ ಸತ್ತಳು.

ಟೀಚರ್ ಮತ್ತೆ ಶಾಲೆಗೆ ಬರಲು ಶುರುಮಾಡಿ ಕೆಲವು ತಿಂಗಳಾಗಿತ್ತು. ಪಾಠ ಮಾಡುತ್ತಿದ್ದಳು, ಹಾಜರಿ ಕೂಗುತ್ತಿದ್ದಳು, ಉತ್ತರಪತ್ರಿಕೆ ತಿದ್ದುತ್ತಿದ್ದಳು. ಸ್ಟಾಫ್ ರೂಮಿನಲ್ಲಿ ಯಾರಾದರೂ ತಮಾಷೆ ಮಾಡಿದರೆ, ಎಲ್ಲರೂ ನಕ್ಕು ಮುಗಿಸಿದ ಮೇಲೆ ಅವಳ ತುಟಿ ಅಗಲವಾಗುತ್ತಿತ್ತು. 'ಎಷ್ಟು ಗಟ್ಟಿ ಹೆಂಗಸು' ಎಂದು ಬೆನ್ನ ಹಿಂದೆ ಆಡಿಕೊಳ್ಳುವುದು ಅವಳ ಕಿವಿಗೂ ಬಿದ್ದಿತ್ತು. ಅದು ಗಟ್ಟಿತನವಲ್ಲವೆಂದು ಅವಳಿಗೆ ಗೊತ್ತಿತ್ತು. ಬಂದ ಅಳುವನ್ನು ತಡೆದುಕೊಂಡರೆ ಗಟ್ಟಿತನ. ಅವಳಿಗೆ ಅಳುವೇ ಬರುತ್ತಿರಲಿಲ್ಲ. ಒಮ್ಮೆ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದೆತ್ತಿ ಕೆಳಗಿಟ್ಟಿದ್ದಳು. ಬೆರಳಿನಲ್ಲಿ ಬೊಬ್ಬೆ ಎದ್ದದ್ದನ್ನು ನೋಡಿದ್ದು ಮರುದಿನ, ಕ್ಲಾಸಿನಲ್ಲಿ ಸೀಮೆಸುಣ್ಣ ಹಿಡಿದಾಗ.

ಹೆಡ್‌ಮಾಸ್ಟರು ಅವಳನ್ನು ಕೋಣೆಗೆ ಕರೆಸಿ, ಕುರ್ಚಿಯನ್ನು ತಾವೇ ಎಳೆದುಕೊಟ್ಟು, ಬಹಳ ಹೊತ್ತು ಬೇರೆ ಮಾತೆಲ್ಲ ಆಡಿದರು. ಆಮೇಲೆ ಮೆಲ್ಲಗೆ ಹೇಳಿದರು. "ಆ ಒಂದು ಅಧ್ಯಾಯ ಇದೆಯಲ್ಲ ಟೀಚರ್. ನಿಮಗೆ ಕಷ್ಟ ಆದ್ರೆ ಭಾಷೆ ಮೇಷ್ಟ್ರ ಕೈಲಿ ಬರೆಸ್ತೀನಿ. ಬಲವಂತ ಏನೂ ಇಲ್ಲ."

"ನಾನೇ ಬರೀತೀನಿ ಸಾರ್."

"ಅದೇ ಒಳ್ಳೇದು ಬಿಡಿ. ನಿಮಗಿಂತ ಚೆನ್ನಾಗಿ ಯಾರು ಬರೀತಾರೆ." ಅವರಿಗೆ ಸಮಾಧಾನವಾದಂತೆ ಕಂಡಿತು. ಮೇಜಿನ ಮೇಲಿದ್ದ ಹಾಳೆಯೊಂದನ್ನು ಅವಳ ಕಡೆ ತಿರುಗಿಸಿದರು. ಕೆಡೆಟ್ ಕೋಣೆಯ ಗೋಡೆಯ ಮೇಲೆ, ಸೇನೆಗೆ ಹೋಗಿ ಸತ್ತ ಹಳೆಯ ವಿದ್ಯಾರ್ಥಿಗಳ ಹೆಸರು ಕೆತ್ತಿದ ಕಲ್ಲಿನ ಫಲಕವಿತ್ತು. ಅದಕ್ಕೆ ಹೊಸದಾಗಿ ಸೇರಿಸಬೇಕಾದ ಸಾಲು ಅದು. ಮಗಳ ಪೂರ್ತಿ ಹೆಸರು. ಅದರ ಕೆಳಗೆ: ಶತ್ರುಗಳೊಡನೆ ಧೀರವಾಗಿ ಹೋರಾಡುತ್ತ ಪ್ರಾಣ ತೆತ್ತ ನಮ್ಮ ಹೆಮ್ಮೆಯ ಕೆಡೆಟ್.

"ಇದನ್ನ ಯಾರು ಬರೆದದ್ದು ಸಾರ್?"

"ಕಮಿಟಿಯವರು ಕೂತು ಬರೆದಿದ್ದು. ಯಾಕೆ, ಚೆನ್ನಾಗಿಲ್ವಾ?"

"ಆ ರಸ್ತೇಲಿ ಶತ್ರುಗಳು ಯಾರೂ ಇರ್ಲಿಲ್ಲ. ರಸ್ತೆ ಅಂಚು ಕುಸಿದು ಲಾರಿ ಉರುಳ್ತು."

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಅವರು ಕೆಟ್ಟ ಮನುಷ್ಯರಲ್ಲ. ಸುದ್ದಿ ಬಂದ ದಿನ ಅವಳ ಮನೆಯ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತಿದ್ದರು. "ಗೊತ್ತು ಟೀಚರ್. ಗೊತ್ತಿಲ್ದೆ ಏನು. ಆದ್ರೆ ಮಕ್ಕಳು ದಿನಾ ಅದರ ಮುಂದೆ ಓಡಾಡ್ತಾರೆ. ಲಾರಿ ಉರುಳ್ತು ಅಂತ ಕಲ್ಲಿನ ಮೇಲೆ ಹೇಗೆ ಕೆತ್ತಿಸೋದು ಹೇಳಿ. ನೀವು ಅಧ್ಯಾಯದಲ್ಲೂ ಇದೇ ಧಾಟಿ ಹಿಡಿದ್ರೆ ಎರಡೂ ಹೊಂದುತ್ತೆ."

ಬೇರೆ ಕಾಲದಲ್ಲಾಗಿದ್ದರೆ ಅವಳಿಗೆ ಸಿಟ್ಟು ನೆತ್ತಿಗೇರುತ್ತಿತ್ತೇನೋ. ಈಗ ಅವಳು ಹಾಳೆಯನ್ನು ಮತ್ತೆ ಅವರ ಕಡೆ ತಿರುಗಿಸಿ ಇಟ್ಟಳು. "ನೋಡ್ತೀನಿ ಸಾರ್" ಎಂದು ಎದ್ದು ಬಂದಳು.

ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಶಾಲೆಯ ಕೆಡೆಟ್‌ಗಳ ಖಾಕಿ ಬಟ್ಟೆಯನ್ನೆಲ್ಲ ವರ್ಷಾನುಗಟ್ಟಲೆಯಿಂದ ಹೊಲಿಯುತ್ತಿದ್ದವನು ಅವನೇ. ಮಗಳು ಎಂಟನೇ ಕ್ಲಾಸಿನಲ್ಲಿ ಪಡೆಗೆ ಸೇರಿದಾಗ, ಇದ್ದದ್ದರಲ್ಲೇ ಚಿಕ್ಕ ಅಳತೆಯನ್ನೂ ಎರಡೂ ಬದಿ ಒಳಗೆ ಹಿಡಿದು ಹೊಲಿಯಬೇಕಾಗಿತ್ತು, ಅಷ್ಟು ಸಣಕಲಿ. ಡ್ರಿಲ್ ಮೇಷ್ಟ್ರು ಮೊದಲ ದಿನವೇ ಅವಳಿಗೆ 'ಕಡ್ಡಿ' ಎಂದು ಹೆಸರಿಟ್ಟರು. ಒಂದು ವಾರದಲ್ಲಿ ಆ ಹೆಸರಿಗೆ ಇನ್ನೊಂದು ಕಾರಣವೂ ಸೇರಿತು. ಅವಳು ಏನು ಹೇಳಿದರೂ ಕಡ್ಡಿ ಮುರಿದಂತೆ ಹೇಳುವವಳು. "ಸಾರ್, ಎಡಕ್ಕೆ ತಿರುಗು ಅಂದ್ರಿ, ಕೈ ಬಲಕ್ಕೆ ತೋರಿಸ್ತಿದ್ದೀರ" ಎಂದು ಇಡೀ ಸಾಲಿನ ಮುಂದೆ ಅಂದಿದ್ದಳಂತೆ. ಡ್ರಿಲ್ ಮೇಷ್ಟ್ರು ಅವಳಿಂದ ಮೈದಾನ ಸುತ್ತಿಸಿ, ಆಮೇಲೆ ಮನೆಗೆ ಬಂದು ಇದನ್ನು ಹೇಳಿ ತಾವೇ ನಕ್ಕಿದ್ದರು.

ಈಗ ದರ್ಜಿ ಖಾಕಿ ಮುಟ್ಟುತ್ತಿರಲಿಲ್ಲ. ಪರದೆ, ದಿಂಬಿನ ಚೀಲ, ಹೆಂಗಸರ ರವಿಕೆ, ಇಷ್ಟೇ. ಅಳು ಬಂದರೆ ಗಿರಾಕಿಗಳ ಮುಂದೆಯೇ ಅಳುತ್ತಿದ್ದ. ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ನಿಂತಲ್ಲೇ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಗಿರಾಕಿಗಳು ಕಾದು ನಿಲ್ಲುತ್ತಿದ್ದರು. ಆದರೆ ಹೊರಗೆ ಯಾರಾದರೂ "ವೀರ ಮಗಳ ಅಪ್ಪ" ಅಂದರೆ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಆ ಮಾತು ಕೇಳಿದ ದಿನ ಊಟ ಮಾಡುತ್ತಿದ್ದ. ಅದನ್ನು ಅವಳು ಗಮನಿಸಿದ್ದಳು.

ಫಲಕದ ಸಾಲನ್ನು ಅವಳು ಹೇಳಿದಾಗ ಅವನು ಮಿಷನ್ ತುಳಿಯುವುದನ್ನು ನಿಲ್ಲಿಸಿದ. "ಇನ್ನೊಂದ್ಸಲ ಹೇಳು."

ಹೇಳಿದಳು.

"ಚೆನ್ನಾಗಿದೆ" ಎಂದ. "ಕಲ್ಲಲ್ಲಿ ಕೆತ್ತಿಸ್ತಾರಾ?"

"ಅದು ನಿಜ ಅಲ್ವಲ್ರೀ."

"ಇರ್ಲಿ ಬಿಡು" ಎಂದು ಮತ್ತೆ ತುಳಿಯತೊಡಗಿದ. "ಅದ್ರಿಂದ ನಿನ್ನ ಗಂಟೇನು ಹೋಗುತ್ತೆ?"

ಅವಳು ಒಳಗೆ ಹೋಗಿ ಬರೆಯಲು ಕೂತಳು.

ಅಧ್ಯಾಯದ ಆರಂಭ ಸುಲಭವಾಗಿತ್ತು. ಯುದ್ಧಕ್ಕೆ ತುಸು ಮುಂಚೆ ಕೆಡೆಟ್ ಪಡೆ ಶುರುವಾದಾಗ ಶಾಲೆಯಲ್ಲಿ ಬಂದೂಕು ಇರಲಿಲ್ಲ. ಹುಡುಗರು ಪೊರಕೆ ಕೋಲು ಹೆಗಲಿಗಿಟ್ಟು ಕವಾಯತು ಮಾಡುತ್ತಿದ್ದರು. ಆಮೇಲೆ ಮರಗೆಲಸದ ಕ್ಲಾಸಿನವರು ಹಲಗೆ ಕೊಯ್ದು ಬಂದೂಕಿನ ಆಕಾರ ಮಾಡಿಕೊಟ್ಟರು. ಹುಡುಗಿಯರನ್ನು ಸೇರಿಸಿಕೊಂಡದ್ದು ಎಷ್ಟೋ ವರ್ಷಗಳ ನಂತರ. ರಸ್ತೆಯವರು ನೋಡಿ ನಗಬಾರದೆಂದು ಮೊದಲ ವರ್ಷ ಅವರಿಗೆ ಕಟ್ಟಡದ ಹಿಂದೆ, ನೀರಿನ ತೊಟ್ಟಿಯ ಪಕ್ಕದಲ್ಲಿ ಕವಾಯತು. ಇವೆಲ್ಲ ಅವಳ ಬಾಯಲ್ಲೇ ಇದ್ದ ಸಂಗತಿಗಳು.

ಫಲಕದ ಮೊದಲ ಹೆಸರಿನ ಹತ್ತಿರ ಬಂದಾಗ ಅವಳ ಕೈ ನಿಂತಿತು. ಪಡೆಯ ಮೊದಲ ತಂಡದ ಹುಡುಗ. ಮದ್ದಳೆಯಂತೆ ಗುಡುಗುವ ಮೆಷಿನ್ ಗನ್ನಿಗೆ ಎದೆ ಕೊಟ್ಟು ಗೆಳೆಯರನ್ನು ಉಳಿಸಿದವನು. ಆ ಕಥೆಯನ್ನು ಶಾಲೆಯಲ್ಲಿ ಓದಿದವರೆಲ್ಲ ಕೇಳಿದ್ದರು. ಅವಳೂ ವರ್ಷ ವರ್ಷ ಹೇಳಿದ್ದಳು. ಹೇಳುವವರ ಬಾಯಲ್ಲಿ ಅದು ಬೆಳೆಯುತ್ತ ಬಂದಿತ್ತು. ಅವನ ತಂಗಿ ಇನ್ನೂ ಬದುಕಿದ್ದಳು. ಪ್ರತಿ ವರ್ಷದ ಪಥಸಂಚಲನಕ್ಕೆ ಶಾಲೆಯವರು ಆ ಅಜ್ಜಿಯನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು, ಕೈಗೆ ಹೂಗುಚ್ಛ ಕೊಡುತ್ತಿದ್ದರು, ಮನೆಗೆ ಬಿಟ್ಟು ಬರುತ್ತಿದ್ದರು. ಮಾತಾಡಿಸಿದವರು ಇರಲಿಲ್ಲ.

ಟೀಚರ್ ಒಂದು ಭಾನುವಾರ ಅವಳ ಮನೆಗೆ ಹೋದಳು. ಇಸ್ತ್ರಿ ಅಂಗಡಿಯ ಮೇಲಿನ ಮಹಡಿ. ಕೆಳಗಿನಿಂದ ಬಿಸಿ ಬಟ್ಟೆಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ತೊಂಬತ್ತರ ಹತ್ತಿರದ ಅಜ್ಜಿ ಕಿಟಕಿಯ ಪಕ್ಕ ಕೂತು, ಬಟಾಣಿ ಸುಲಿಯುತ್ತ, ಬಂದವಳ ಮುಖವನ್ನೇ ನೋಡಿದಳು.

"ನಿಮ್ಮಣ್ಣನ ಬಗ್ಗೆ ಬರೀಬೇಕಿತ್ತು ಅಜ್ಜಿ."

"ಅವನು ಜ್ವರದಲ್ಲಿ ಸತ್ತ" ಎಂದಳು ಅಜ್ಜಿ, ಬಟಾಣಿ ಸುಲಿಯುವುದನ್ನು ನಿಲ್ಲಿಸದೆ.

ಟೀಚರ್ ಪೆನ್ನಿನ ಮುಚ್ಚಳ ಹಾಕಿದಳು.

"ಯುದ್ಧದ ಜಾಗ ಸೇರಲೇ ಇಲ್ಲ. ದಾರೀಲಿ ಒಂದು ದೊಡ್ಡ ಶಿಬಿರದಲ್ಲಿ ಇಳಿಸಿದ್ರಂತೆ, ಅಲ್ಲಿ ನೀರು ಕೆಟ್ಟದಿತ್ತಂತೆ. ಎಷ್ಟೋ ಹುಡುಗರು ಹೋದ್ರು. ಮೆಷಿನ್ ಗನ್ನಿಗೆ ಎದೆ ಕೊಟ್ಟ ಅಂತ ನಿಮ್ಮ ಸ್ಕೂಲಲ್ಲಿ ಹೇಳ್ತಾರಲ್ಲ, ಮುಂದಿನ ಸಾಲಲ್ಲಿ ಕೂತು ನನಗೆ ನಗು ತಡೆಯೋಕಾಗಲ್ಲ. ಬಾಗಿಲು ಜೋರಾಗಿ ಹಾಕಿದ್ರೆ ಬೆಚ್ಚಿ ಬೀಳ್ತಿದ್ದ ಅವನು. ಕಹಳೆ ಊದೋಕೆ ಕೊಟ್ಟಿದ್ರು. ಅವನು ಊದಿದ್ರೆ ಬೀದಿನಾಯಿಗಳೆಲ್ಲ ಕೂಗೋವು."

"ಹಾಗಾದ್ರೆ ಆ ಕಥೆ?"

"ನಮ್ಮಮ್ಮ ಊಟ ಬಿಟ್ಟಿದ್ಲು. ಗೋಡೆ ಕಡೆ ಮುಖ ಮಾಡಿ ಮಲಗಿದ್ಲು, ಏಳಲೇ ಇಲ್ಲ. ಆಗಿನ ಡ್ರಿಲ್ ಮೇಷ್ಟ್ರು ಬಂದು ತಲೆ ಹತ್ರ ಕೂತು ಹೀಗ್ಹೀಗಾಯ್ತು ತಾಯಿ, ನಿಮ್ಮ ಮಗ ಎಲ್ಲರನ್ನೂ ಉಳಿಸಿದ ಅಂತ ಹೇಳಿದ್ರು. ನಾನು ಬಾಗಿಲ ಹತ್ರ ನಿಂತು ಕೇಳ್ತಿದ್ದೆ. ಅಮ್ಮ ಎದ್ದು ಕೂತ್ಲು. ಆ ಸಾಯಂಕಾಲ ಅಡುಗೆ ಮಾಡಿದ್ಲು. ಅವರು ಒಂದ್ಸಲ ಹಾಗೆ ಹೇಳಿದ ಮೇಲೆ ಸ್ಕೂಲಲ್ಲಿ ಬೇರೆ ಹೇಳೋಕಾಗುತ್ತಾ? ಅಲ್ಲೂ ಅದನ್ನೇ ಹೇಳಿದ್ರು."

"ನಿಮ್ಮಮ್ಮ ನಂಬಿದ್ರಾ?"

"ಏನೋ. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಅವಳಿಗೆ ಅದು ಬೇಕಿತ್ತು." ಅಜ್ಜಿ ಕಾಳಿನ ಬಟ್ಟಲನ್ನು ಪಕ್ಕಕ್ಕಿಟ್ಟಳು. "ನಿಮ್ಮ ಹುಡುಗಿಗೆ ಏನಾಯ್ತು?"

ಇಷ್ಟು ತಿಂಗಳಲ್ಲಿ ಈ ಪ್ರಶ್ನೆಯನ್ನು ಹೀಗೆ ನೇರವಾಗಿ ಕೇಳಿದವರು ಇರಲಿಲ್ಲ. ಎಲ್ಲರೂ ಸುತ್ತಿ ಬಳಸಿ ಬಂದು, ಹತ್ತಿರವಾದಾಗ ಕಾಲು ಕೀಳುತ್ತಿದ್ದರು. ಟೀಚರ್ ಪಾಠ ಒಪ್ಪಿಸುವಂತೆ ಹೇಳಿದಳು. ಮೇಲಿನ ಠಾಣೆಗೆ ಸಾಮಾನು ಒಯ್ಯುವ ಲಾರಿ. ಮಂಜು ಕರಗಿ ರಸ್ತೆಯ ಅಂಚು ಮೆತ್ತಗಾಗಿತ್ತು. ಮಗಳು ಚಾಲಕನ ಪಕ್ಕ ಕೂತಿದ್ದಳು. ಸೇನೆಯಿಂದ ಬಂದ ಅಧಿಕಾರಿ ಇಷ್ಟನ್ನು ಮುಚ್ಚುಮರೆ ಇಲ್ಲದೆ ಹೇಳಿ ಹೋಗಿದ್ದ.

"ಲಾರಿ ಓಡಿಸ್ತಿದ್ದ ಹುಡುಗ?"

"ಅವನೂ ಹೋದ."

"ಅವನು ಯಾರ ಮಗ?"

ಟೀಚರಿಗೆ ಗೊತ್ತಿರಲಿಲ್ಲ. ಅಧಿಕಾರಿ ಹೇಳಿದ್ದನೇನೋ, ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಅಜ್ಜಿ ಅವಳ ಉತ್ತರಕ್ಕೆ ಕಾಯಲೂ ಇಲ್ಲ. "ನಮ್ಮಣ್ಣಂದು ಇದ್ದ ಹಾಗೇ ಬರೀರಿ ಟೀಚರಮ್ಮ" ಎಂದಳು. "ಜ್ವರ ಅಂತಲೇ ಬರೀರಿ. ಕಹಳೆದೂ ಬರೀರಿ. ಅವನನ್ನ ನೋಡಿದವಳು ಅಂತ ಇರೋದು ಈಗ ನಾನೊಬ್ಳು. ಅಮ್ಮನಿಗೆ ಬೇಕಿದ್ದು ನನಗೆ ಬೇಡ."

ಮನೆಗೆ ಬಂದು ಅವಳು ಆ ಅಧಿಕಾರಿಗೆ ಫೋನ್ ಮಾಡಿ ಚಾಲಕನ ಹೆಸರು, ಊರು ಕೇಳಿದಳು. ಅವನಿಗೆ ಆಶ್ಚರ್ಯವಾದಂತಿತ್ತು, ಆದರೂ ಹೇಳಿದ. ಲಾರಿಯಲ್ಲಿ ಏನಿತ್ತು ಎಂದೂ ಕೇಳಿದಳು. ಅದನ್ನೂ ಹೇಳಿದ. ಆಮೇಲೆ ಅಡುಗೆಮನೆಯ ಮೇಜಿನ ಮುಂದೆ ಕೂತು ಒಂದೇ ಪಟ್ಟಿಗೆ ಅಧ್ಯಾಯ ಮುಗಿಸಿದಳು. ಬರೆಯುವಾಗ ಅವಳಿಗೆ ದುಃಖವಾಗಲಿಲ್ಲ, ಹೆಮ್ಮೆಯಾಗಲಿಲ್ಲ. ಬೇರೆ ಯಾವುದೋ ಶತಮಾನದ ಸಂಗತಿ ಬರೆದ ಹಾಗೆ ಬರೆದಳು. ಮೊದಲ ಹೆಸರಿನ ಹುಡುಗನಿಗೆ ಜ್ವರ. ಕೊನೆಯ ಹೆಸರಿನ ಹುಡುಗಿಗೆ ಕುಸಿದ ರಸ್ತೆ. ಅವಳ ಜೊತೆ ಸತ್ತ ಚಾಲಕನ ಹೆಸರು, ಅವನ ಊರು.

ಹೆಡ್‌ಮಾಸ್ಟರಿಗೆ ಕೊಡುವ ಮುಂಚೆ ಅದನ್ನು ಗಂಡನ ಮುಂದಿಟ್ಟಳು. ಅವನು ಮಿಷನ್ನಿನ ಮೇಲಿದ್ದ ಬಟ್ಟೆಯನ್ನು ಸರಿಸಿ, ಹಾಳೆಗಳನ್ನು ಹರಡಿಕೊಂಡು, ಬೆರಳಿಟ್ಟು ಓದಿದ. ಮಗಳ ಭಾಗಕ್ಕೆ ಬಂದು ಬೆರಳು ನಿಂತಿತು.

"ಅಂದ್ರೆ ಸುಮ್ನೆ ಸತ್ಲು ಅಂತ ಬರೆದಿದ್ದೀಯ."

"ಏನಾಯ್ತೋ ಅದನ್ನ ಬರೆದಿದ್ದೀನಿ."

"ಚರಿತ್ರೆ ಟೀಚರ್ ನೀನು. ಗೊತ್ತಾಯ್ತು." ಅವನ ದನಿ ಏರಲಿಲ್ಲ. "ನಾನು ದಿನಾ ಬೆಳಗ್ಗೆ ಈ ಬಾಗಿಲು ತೆಗೀಬೇಕಲ್ಲ. ಯಾವ ಮುಖ ಇಟ್ಕೊಂಡು ತೆಗೀಲಿ? ನಿನಗೆ ಏನೂ ಆಗಲ್ಲ. ನಿನಗೆ ಏನೂ ಆಗೇ ಇಲ್ಲ."

ಹಾಳೆಗಳನ್ನು ಜೋಡಿಸಿ ಅವಳ ಕೈಗೆ ಕೊಟ್ಟ. ಅವನ ಮಾತು ಎಲ್ಲಿಗೆ ನಾಟಬೇಕಿತ್ತೋ ಅಲ್ಲಿಗೆ ನಾಟಲಿಲ್ಲ. ಅವನು ಹೇಳಿದ್ದು ಸರಿಯಿರಬಹುದು ಎಂದುಕೊಂಡಳು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಆ ತಾಯಿ ನೆನಪಾದಳು. ಒಬ್ಬಳು ಎದ್ದು ಒಲೆ ಹಚ್ಚುವುದಕ್ಕೆ ಒಂದು ಸುಳ್ಳು ಸಾಕಾಗಿತ್ತು. ತನ್ನ ಗಂಡನಿಗೆ ಅದನ್ನು ಇಲ್ಲವೆನ್ನಲು ತಾನು ಯಾರು? ಆ ವಾರವೆಲ್ಲ ಅಧ್ಯಾಯ ಅವಳ ಚೀಲದಲ್ಲೇ ಉಳಿಯಿತು. ಮನೆಯಲ್ಲಿ ಊಟಕ್ಕೆ ಬಾ, ಬಾಗಿಲು ಹಾಕು ಎನ್ನುವಷ್ಟೇ ಮಾತು.

ಶನಿವಾರ ಮಧ್ಯಾಹ್ನ ಡ್ರಿಲ್ ಮೇಷ್ಟ್ರು ಅಂಗಡಿಗೆ ಬಂದರು. ಸೇನೆಯಲ್ಲಿ ದುಡಿದು, ಆಮೇಲೆ ಶಾಲೆಗೆ ಬಂದು, ಈಗ ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ. ಶತಮಾನೋತ್ಸವದ ಪಥಸಂಚಲನಕ್ಕೆ ಹೊಸ ಖಾಕಿ ಹೊಲಿಸಬೇಕಿತ್ತು. ದರ್ಜಿ ಆಗುವುದಿಲ್ಲವೆಂದ. ಅವರು ಒತ್ತಾಯ ಮಾಡಲಿಲ್ಲ, ಹೋಗಲೂ ಇಲ್ಲ. ಗಿರಾಕಿಗಳ ಸ್ಟೂಲಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದರು. ಟೀಚರ್ ಒಳಗಿನಿಂದ ಅವರಿಗೆ ಚಹಾ ತಂದುಕೊಟ್ಟಳು.

ದರ್ಜಿ ಇದ್ದಕ್ಕಿದ್ದಂತೆ ಕೇಳಿದ. "ನೀವೇ ಹೇಳಿ ಮೇಷ್ಟ್ರೇ. ನೀವು ಸೇನೇಲಿ ಇದ್ದವರು. ನಮ್ಮ ಹುಡುಗಿ ಹೋರಾಡಿ ಸತ್ಲಾ, ಸುಮ್ನೆ ಸತ್ಲಾ?"

ಡ್ರಿಲ್ ಮೇಷ್ಟ್ರು ಟೀಚರ್ ಕಡೆ ನೋಡಿದರು. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. ಅವರು ಚಹಾ ಲೋಟವನ್ನು ನೆಲದ ಮೇಲಿಟ್ಟರು.

"ನಾನು ಅಷ್ಟು ವರ್ಷ ಇದ್ದೆ ಅಲ್ಲಿ. ಒಬ್ಬ ಮನುಷ್ಯನ ಮೇಲೂ ಗುಂಡು ಹಾರಿಸಿಲ್ಲ" ಎಂದರು. "ಸ್ಕೂಲಲ್ಲಿ ಇದನ್ನ ಹೇಳ್ಕೊಂಡಿಲ್ಲ, ಮಕ್ಕಳು ಬೆಲೆ ಕೊಡಲ್ಲ. ನಾನು ಹೇಸರಗತ್ತೆ ಮೇಲೆ ನೀರು ಹೊರಿಸ್ತಿದ್ದೆ. ಮೇಲೆ ಇರೋರಿಗೆ ನೀರು, ಸೀಮೆಎಣ್ಣೆ, ಹಿಟ್ಟು. ಅದು ಹೋಗ್ಲಿಲ್ಲ ಅಂದ್ರೆ ಮೇಲೆ ಇರೋರು ಏನು ಮಾಡ್ತಾರೆ? ಬಂದೂಕು ತಿಂತಾರಾ? ಸೇನೆ ಅಂದ್ರೆ ಮುಕ್ಕಾಲು ಪಾಲು ಹೊರೋದೇ ದರ್ಜಿಯವರೇ. ಅವಳು ಆ ಕೆಲಸದಲ್ಲಿ ಇದ್ಲು."

ಹೊರಗೆ ಯಾರದೋ ಸೈಕಲ್ ಗಂಟೆ ಬಾರಿಸಿಕೊಂಡು ಹೋಯಿತು. ದರ್ಜಿ ಹೆಂಡತಿಯ ಕಡೆ ತಿರುಗದೆ ಕೇಳಿದ. "ಲಾರೀಲಿ ಏನಿತ್ತಂತೆ?"

"ಹಿಟ್ಟು" ಎಂದಳು ಅವಳು. "ಈರುಳ್ಳಿ. ಸೀಮೆಎಣ್ಣೆ ಡಬ್ಬ. ಬ್ಯಾಟರಿ. ಒಂದು ಚೀಲ ಸಕ್ಕರೆ. ಯಾರಿಗೋ ಹೊಸ ಶೂ."

"ಈರುಳ್ಳಿ" ಎಂದ ಅವನು. ಮುಖ ಹೇಗೋ ಆಯಿತು. ನಗುವೋ ಅಳುವೋ ತಿಳಿಯದಂತೆ. "ಮನೇಲಿ ಇದ್ದಾಗ ಅಂಗಡಿಯಿಂದ ಒಂದು ಚೀಲ ಎತ್ಕೊಂಡು ಬಾ ಅಂದ್ರೆ ಭುಜ ನೋವು ಅನ್ನೋಳು. ಒಂದು ದಿನ ಎತ್ತಿದವಳಲ್ಲ."

"ನನ್ನ ಹತ್ರಾನೂ ಹಾಗೇ" ಎಂದರು ಡ್ರಿಲ್ ಮೇಷ್ಟ್ರು. "ಶಿಬಿರಕ್ಕೆ ಹೋದ್ರೆ ಅವಳ ಹಾಸಿಗೆ ಸುರುಳಿ ಪಕ್ಕದವರ ತಲೆ ಮೇಲೆ ಇರ್ತಿತ್ತು. ಹೇಗೆ ಒಪ್ಪಿಸ್ತಿದ್ಲೋ."

ಇಬ್ಬರೂ ನಕ್ಕರು. ದರ್ಜಿ ನಗುತ್ತಲೇ ಅತ್ತ. ಟೀಚರ್ ಬಾಗಿಲಲ್ಲೇ ನಿಂತಿದ್ದಳು. ಅವರಿಬ್ಬರೂ ಅವಳ ಮಗಳ ಬಗ್ಗೆ ಮಾತಾಡುತ್ತಿದ್ದಾರೆಂದು ತಿಳಿಯುತ್ತಿತ್ತು, ಆದರೆ ಆ ಮಾತು ಪಕ್ಕದ ಮನೆಯ ರೇಡಿಯೋದಿಂದ ಬಂದಂತೆ ಕೇಳುತ್ತಿತ್ತು. ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಭಾನುವಾರ ಬೆಳಗ್ಗೆ ಗಂಡ ಅವಳ ಚೀಲದಿಂದ ಹಾಳೆಗಳನ್ನು ತೆಗೆದು ಮತ್ತೆ ಓದಿದ. "ಈರುಳ್ಳಿ ಬರೆದಿಲ್ವಲ್ಲ" ಎಂದ.

"ಬರೀಬೇಕಾ?"

"ಬರಿ. ಬರೆಯೋದಾದ್ರೆ ಪೂರ್ತಿ ಬರಿ." ಅಷ್ಟೇ ಹೇಳಿದ. ಅವಳ ಮೇಲಿನ ಕೋಪ ಪೂರ್ತಿ ಇಳಿದಿರಲಿಲ್ಲ. ಅದು ಇಳಿಯಲು ಬಹಳ ಕಾಲ ಬೇಕಾಯಿತು. ಖಾಕಿಯನ್ನೂ ಅವನು ಮತ್ತೆ ಮುಟ್ಟಲಿಲ್ಲ. ಮಕ್ಕಳ ಬಟ್ಟೆ ಆ ವರ್ಷ ಬೇರೆ ಅಂಗಡಿಯಿಂದ ಬಂತು. ಭುಜ ಸರಿ ಕೂತಿಲ್ಲವೆಂದು ಡ್ರಿಲ್ ಮೇಷ್ಟ್ರು ಗೊಣಗಿದರು.

ಹೆಡ್‌ಮಾಸ್ಟರು ಅಧ್ಯಾಯವನ್ನು ಓದಿ, ಎದ್ದು ಕಿಟಕಿಯವರೆಗೆ ಹೋಗಿ ಬಂದರು. ಮೊದಲ ಹೆಸರಿನ ಹುಡುಗನ ಜ್ವರ ಅವರಿಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. "ಅವರ ತಂಗಿಯೇ ಹೇಳಿದ್ದು ಸಾರ್" ಎಂದು ಅವಳು ಹೇಳಿದ ಮೇಲೆ ಹಾಳೆ ತಿರುವಿದರು. ಆಮೇಲೆ ಚಾಲಕನ ಹೆಸರಿನ ಮೇಲೆ ಪೆನ್ಸಿಲ್ ಇಟ್ಟರು.

"ಇವನು ನಮ್ಮ ವಿದ್ಯಾರ್ಥಿ ಅಲ್ವಲ್ಲ ಟೀಚರ್. ನಮ್ಮ ಶಾಲೆ ಚರಿತ್ರೆಯಲ್ಲಿ ಇವನ್ಯಾಕೆ?"

"ಅದೇ ಲಾರೀಲಿ ಇದ್ದ ಸಾರ್."

"ಅದು ಸರಿ. ಆದ್ರೂ."

"ಅವನ ಹೆಸರು ತೆಗೆದ್ರೆ ನಮ್ಮ ಹುಡುಗಿ ಹೆಸರೂ ತೆಗೀರಿ. ನನಗೆ ಬೇಜಾರಿಲ್ಲ."

ಅವಳು ಹೆದರಿಸಲು ಹೇಳಿದ ಮಾತಲ್ಲ ಅದು. ನಿಜವಾಗಿಯೂ ಬೇಜಾರಿರಲಿಲ್ಲ. ಅದು ಅವಳ ಮುಖದಲ್ಲೇ ಕಂಡಿತೋ ಏನೋ, ಹೆಡ್‌ಮಾಸ್ಟರು ಪೆನ್ಸಿಲನ್ನು ಮೇಜಿನ ಮೇಲಿಟ್ಟರು. ಅಧ್ಯಾಯ ಇದ್ದ ಹಾಗೇ ಅಚ್ಚಾಯಿತು. ಕಲ್ಲಿನ ಫಲಕದ ವಿಷಯದಲ್ಲಿ ಕಮಿಟಿಯವರು ಎರಡು ಸಭೆ ನಡೆಸಿ, ಕೊನೆಗೆ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ ಮಾತ್ರ ಕೆತ್ತಿಸಿದರು. ಅದರಡಿ ಖಾಲಿ ಬಿಟ್ಟರು.

ಶತಮಾನೋತ್ಸವದ ದಿನ ಮೈದಾನ ತುಂಬಿತ್ತು. ಮಕ್ಕಳು ಪಥಸಂಚಲನ ಮಾಡಿದರು, ಒಬ್ಬ ಹುಡುಗ ಬಿಸಿಲಿಗೆ ತಲೆ ಸುತ್ತಿ ಕೂತ, ದೊಡ್ಡವರೊಬ್ಬರು ಉದ್ದ ಭಾಷಣ ಬಿಗಿದರು. ಅಜ್ಜಿ ಮುಂದಿನ ಸಾಲಿನಲ್ಲಿ ಹೂಗುಚ್ಛ ಹಿಡಿದು ಕೂತಿದ್ದಳು. ಪುಸ್ತಕ ತಿರುವಿ ನೋಡಿದ ಹಳೆಯ ವಿದ್ಯಾರ್ಥಿಯೊಬ್ಬ ಅವಳ ಹತ್ತಿರ ಬಂದು, ನಿಮ್ಮಣ್ಣನ ವಿಷಯ ತಪ್ಪು ಅಚ್ಚಾಗಿದೆ, ದೂರು ಕೊಡಿ ಎಂದ. "ಸರಿಯಾಗೇ ಇದೆ, ನೀನು ಕೂತ್ಕೋ" ಎಂದಳು ಅಜ್ಜಿ. ಟೀಚರ್ ಗಂಡನ ಪಕ್ಕದಲ್ಲಿ ಕೂತಿದ್ದಳು. ಮಗಳ ಹೆಸರು ಮೈಕಿನಲ್ಲಿ ಬಂದಾಗ ಎಲ್ಲರೂ ಎದ್ದು ನಿಂತರು, ಅವಳೂ ನಿಂತಳು. ಗಂಡ ಅವಳ ಮೊಣಕೈ ಹಿಡಿದುಕೊಂಡ. ಕೂರುವಾಗ ಕುರ್ಚಿ ಬಿಸಿಯಾಗಿದೆ ಎಂದುಕೊಂಡಳು.

ಪುಸ್ತಕದ ಒಂದು ಪ್ರತಿಯನ್ನು ಅವಳು ಚಾಲಕನ ಊರಿಗೆ ಅಂಚೆಯಲ್ಲಿ ಕಳಿಸಿದಳು. ಉತ್ತರ ಬರಲಿಲ್ಲ. ತಲುಪಿತೋ ಇಲ್ಲವೋ ತಿಳಿಯಲಿಲ್ಲ.

ಹೊಸ ವರ್ಷದ ಕ್ಲಾಸುಗಳು ಶುರುವಾದ ಮೇಲೆ ಒಂದು ದಿನ, ಬಿಡುವಿನ ವೇಳೆಯಲ್ಲಿ, ಒಬ್ಬ ಹೆಂಗಸು ಸ್ಟಾಫ್ ರೂಮಿಗೆ ಅವಳನ್ನು ಹುಡುಕಿಕೊಂಡು ಬಂದಳು. ಪೇಟೆ ಬೀದಿಯ ಔಷಧಿ ಅಂಗಡಿಯಾಕೆ. ಮಗಳು ಎಂಟನೇ ಕ್ಲಾಸು. ಕೆಡೆಟ್ ಪಡೆಗೆ ಸೇರಬೇಕೆಂದು ಹುಡುಗಿ ಮನೆಯಲ್ಲಿ ಹಟ ಹಿಡಿದು ಕೂತಿದ್ದಳು.

"ನಿಮ್ಮ ಪುಸ್ತಕ ಓದಿದೆ" ಎಂದಳು ಆಕೆ. ನಿಂತೇ ಇದ್ದಳು. "ನನ್ನ ಹುಡುಗೀನೂ ಓದಿದಾಳೆ. ಓದಿದ ಮೇಲೂ ಸೇರ್ತೀನಿ ಅಂತಾಳೆ. ನಿಮ್ಮ ಹತ್ರ ಇದನ್ನ ಕೇಳೋದು ಸರಿಯಲ್ಲ, ಗೊತ್ತು."

"ಕೇಳಿ. ಕೂತ್ಕೊಳ್ಳಿ."

ಆಕೆ ಕೂತಳು. "ಮತ್ತೆ ಮೊದಲಿಂದ ಆಗೋದಾದ್ರೆ, ನೀವು ಸೇರಿಸ್ತೀರಾ?"

ಟೀಚರ್ ಯೋಚಿಸಿದಳು. "ನನಗೆ ಗೊತ್ತಿಲ್ಲ" ಎಂದಳು.

"ಹಾಗಾದ್ರೆ ನಾನೇನು ಮಾಡ್ಲಿ?"

"ಅದನ್ನ ನಾನು ಹೇಳಕ್ಕಾಗಲ್ಲ. ನಮ್ಮ ಹುಡುಗಿ ಈ ಪಡೇಲಿ ಹೇಗಿದ್ಲು ಅಂತ ಬೇಕಾದ್ರೆ ಹೇಳ್ತೀನಿ. ಕೇಳಿ ಆಮೇಲೆ ನೀವೇ ನೋಡಿ."

ಆಕೆ ತಲೆಯಾಡಿಸಿದಳು. ಟೀಚರ್ ಹೇಳತೊಡಗಿದಳು. ಮೊದಲ ದಿನ ಶೂ ಲೇಸು ಕಟ್ಟಲು ಬಾರದೆ ಗಂಟು ಹಾಕಿಕೊಂಡು ಹೋದದ್ದು. ಕಾಲ್ಚೀಲ ಒಗೆಯಲು ಸೋಮಾರಿತನ ಮಾಡಿ ಅಪ್ಪನ ಕಾಲ್ಚೀಲ ಕದ್ದದ್ದು. ಶಿಬಿರದಿಂದ ಮೈಯೆಲ್ಲ ಕಪ್ಪಾಗಿ ಬಂದು, ಕನ್ನಡಿ ನೋಡಿಕೊಂಡು, "ಅಮ್ಮಾ, ನಾನು ಅಪ್ಪನ ಹಾಗೆ ಆಗ್ತಿದ್ದೀನಿ, ಏನಾದ್ರೂ ಮಾಡು" ಅಂದದ್ದು. ಇದನ್ನು ಹೇಳುವಾಗ ಟೀಚರ್ ಮಗಳ ಹೆಸರು ಹಿಡಿದು ಹೇಳಿದಳು. ಹೆಸರು ಬಾಯಿಂದ ಹೊರಬಿದ್ದು ಕೋಣೆಯಲ್ಲಿ ಕೇಳಿಸಿತು. ಮುಂದಿನ ಮಾತು ಬರಲಿಲ್ಲ. ಮತ್ತೆ ಶುರುಮಾಡಲು ನೋಡಿದಳು. ಅಳು ಬಂತು, ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡಳು. ಔಷಧಿ ಅಂಗಡಿಯಾಕೆ ಎದ್ದು ಸ್ಟಾಫ್ ರೂಮಿನ ಬಾಗಿಲು ಮುಂದೆ ಮಾಡಿ, ಮತ್ತೆ ಬಂದು ತನ್ನ ಜಾಗದಲ್ಲೇ ಕೂತಳು. ಸಮಾಧಾನದ ಮಾತು ಆಡಲಿಲ್ಲ.

ಬಿಡುವು ಮುಗಿಯುವ ಗಂಟೆ ಹೊಡೆಯಿತು. ಆ ತಾಯಿ ಏನನ್ನೂ ತೀರ್ಮಾನಿಸದೆಯೇ ಎದ್ದಳು. ಮನೆಯಲ್ಲಿ ಮಾತಾಡುತ್ತೇನೆ, ಇನ್ನೊಂದು ದಿನ ಬರುತ್ತೇನೆ ಎಂದಳು.

"ಬನ್ನಿ" ಎಂದಳು ಟೀಚರ್. "ಇನ್ನೂ ಹೇಳೋದಿದೆ."

ಆಮೇಲೆ ಕಾರಿಡಾರಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಒಂಬತ್ತನೇ ಕ್ಲಾಸಿಗೆ ಪಾಠಕ್ಕೆ ಹೋದಳು.